ಧ್ವನಿ ಲೈಬ್ರರಿಯ ಜೀರ್ಣೋದ್ಧಾರ

ಆ ಭಾನುವಾರ ಬೆಳಿಗ್ಗೆ ಎದ್ದವನೇ ಭೀಷ್ಮಪ್ರತಿಜ್ಞೆ ಮಾಡಿದೆ: ಕಂಪ್ಯೂಟರಿನ ಧ್ವನಿ ಲೈಬ್ರರಿಗೆ, ಅಂದರೆ ಅದರ ಪ್ರೋಗ್ರಾಮುಗಳಿಗೆಲ್ಲ ದನಿ ಕೊಡುವ ತಂತ್ರಾಂಶಕ್ಕೆ, ಹೊಸ ಆವೃತ್ತಿ ಹಾಕದೆ ಕಾಫಿ ಮುಟ್ಟುವುದಿಲ್ಲ! ನಮ್ಮ ಕಂಪ್ಯೂಟರು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ. ಅದನ್ನು ಪಳಗಿಸಿದ ಮಹಾಶಯ ನಾನು. ಮನೆಯಲ್ಲಿ ನನ್ನ ಮಾತು ಕೇಳುವುದು ಅದೊಂದೇ.

“ರೀ, ಹನ್ನೊಂದಕ್ಕೆ ನನ್ನ ಮೊದಲನೇ ಹಾಡಿನ ಕ್ಲಾಸು. ಇವತ್ತು ಹಿಡಿಸಿದ್ರೆ ಮಾತ್ರ ಮಕ್ಕಳು ಸೇರೋದು. ದಯವಿಟ್ಟು ಅದನ್ನ ಮುಟ್ಟಬೇಡಿ,” ಎಂದಳು ಹೆಂಡತಿ. ಆನ್‌ಲೈನಿನಲ್ಲಿ ಹಾಡು ಕಲಿಸುವುದು ಅವಳ ಬಹುದಿನದ ಆಸೆ.

“ಐದು ನಿಮಿಷದ ಕೆಲಸ ಕಣೆ. ನಿನ್ನ ದನಿ ಇನ್ನೂ ಇಂಪಾಗಿ ಕೇಳುತ್ತೆ!”

“ಅಂದ್ರೆ ಈಗ ಕರ್ಕಶವಾಗಿದೆಯಾ?”

ಆ ಬಲೆಗೆ ಬೀಳದೆ ಗುಂಡಿ ಒತ್ತಿದೆ. ಆ ದಿನದ ನನ್ನ ಜಾಣತನ ಅಲ್ಲಿಗೆ ಮುಗಿಯಿತು.

ಹೊಸ ಲೈಬ್ರರಿ ಬಂದು ಕೂತಿತು. ಹಳೆಯದು ಇನ್ನೇಕೆಂದು ಅಳಿಸಿದೆ. ಮರುಕ್ಷಣ ಪ್ರೋಗ್ರಾಮುಗಳೆಲ್ಲ ಮುಷ್ಕರ ಹೂಡಿದವು! ಅವೆಲ್ಲ ಆ ಹಳೆಯದನ್ನೇ ನೆಚ್ಚಿಕೊಂಡು ಬದುಕಿದ್ದವಂತೆ. ಹಾಡು ಹಾಡಲಿಲ್ಲ, ವಿಡಿಯೊ ಕರೆ ತೆರೆಯಲಿಲ್ಲ. ಕಂಪ್ಯೂಟರಿನ ಗಡಿಯಾರಕ್ಕೂ ಮುನಿಸು, ಅದೂ ಅಲಾರಂ ಬಾರಿಸಬೇಕಲ್ಲ! ಈಗ ಒಂದೊಂದನ್ನೂ ಹೊಸ ಲೈಬ್ರರಿಗೆ ಹೊಂದುವಂತೆ ಮತ್ತೆ ಕಟ್ಟಬೇಕು. ಒಂದನ್ನು ಕಟ್ಟಹೋದರೆ, “ಮೊದಲು ಅದನ್ನು ಕಟ್ಟು,” ಎಂದು ಇನ್ನೊಂದರ ಕಡೆ ಬೆರಳು ತೋರಿಸುತ್ತಿತ್ತು. ನೆಗಡಿಯೇ ಇಲ್ಲದೆ ಮೂಗು ಕೊಯ್ದುಕೊಂಡವನು ಜಗತ್ತಿನಲ್ಲಿ ನಾನೊಬ್ಬನೇ! ಕೊನೆಗೆ ಎಲ್ಲವನ್ನೂ ಸಾಲಾಗಿ ತಾನೇ ಕಟ್ಟಿಕೊಳ್ಳಲು ಹಚ್ಚಿದ್ದೇ, ಕಂಪ್ಯೂಟರು ಬಿಸಿಯೇರಿ ಅದರ ಫ್ಯಾನು ಗುಂಯ್ ಎಂದು ಮೊರೆಯತೊಡಗಿತು.

“ಹನ್ನೊಂದಾಯ್ತು!”

“ಇನ್ನು ಸ್ವಲ್ಪ…”

“ನಿಮ್ಮ ‘ಸ್ವಲ್ಪ’ ನಂಗೊತ್ತಿಲ್ವಾ!” ಎಂದವಳೇ ಗಾಜು ಒಡೆದ ತನ್ನ ಪುಟ್ಟ ಮೊಬೈಲನ್ನು ಅದೇ ಮೇಜಿನ ಮೇಲೆ ನಿಲ್ಲಿಸಿದಳು. ಮನೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುವುದು ಆ ಮೂಲೆಯಲ್ಲಿ ಮಾತ್ರ. ಅವಳು ಹಾಡಿದಳು, ಪಕ್ಕದಲ್ಲಿ ಫ್ಯಾನು ಮೊರೆಯಿತು. ಕಂಪ್ಯೂಟರನ್ನು ನಿಲ್ಲಿಸೋಣವೆಂದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಅರ್ಧಂಬರ್ಧ! ಮಕ್ಕಳಿಗೆ ಕಾಣಬಾರದೆಂದು ನಾನು ಮೇಜಿನ ಕೆಳಗೆ ನುಸುಳಿ ಕೂತೆ. ಅವಳ ಆಸೆಗೆ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಕ್ಲಾಸು ಮುಗಿಯಿತು. ಅವಳು ಬಗ್ಗಿ ಮೇಜಿನ ಕೆಳಗೆ ಇಣುಕಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ರೀ, ಎಲ್ಲಾ ಮಕ್ಕಳೂ ಸೇರ್ತಾರಂತೆ!”

“ನಿಜವಾಗ್ಲೂ?”

“ಹಿಂದೆ ಗುಂಯ್ ಅಂತ ಶ್ರುತಿ ಬರ್ತಿತ್ತಲ್ಲ, ಅದಂತೂ ಎಲ್ರಿಗೂ ತುಂಬಾ ಹಿಡಿಸ್ತಂತೆ. ಆ ಫ್ಯಾನು ಸರಿಯಾಗಿ ನನ್ನ ಶ್ರುತಿಗೇ ಕೂತಿತ್ತು ರೀ!”

ಅಷ್ಟರಲ್ಲಿ ಫ್ಯಾನಿನ ಮೊರೆತ ನಿಂತಿತು. ಕಟ್ಟುವ ಕೆಲಸ ಮುಗಿದಿತ್ತು! ನಾನು ಎದೆಯುಬ್ಬಿಸಿಕೊಂಡು ಹೊರಬಂದೆ. “ನೋಡಿದ್ಯಾ? ಎಲ್ಲಾ ಸರಿಹೋಯ್ತು!”

ಅವಳ ಮುಖ ಬಾಡಿತು. “ಸರಿಹೋಯ್ತಾ? ಅಯ್ಯೋ, ನಾಳೆ ಮತ್ತೆ ಕ್ಲಾಸಿದೆ ರೀ! ಬೇಗ ಇನ್ನೇನಾದ್ರೂ ಕೆಡಿಸಿ!”