ಭಾವನ ದಾರಿಗೆ ನನ್ನ ಬೇಲಿ

ನಮ್ಮ ಭಾವನ ಲೆಕ್ಕದಲ್ಲಿ ಜಗತ್ತಿನಲ್ಲಿ ಮುಚ್ಚಿದ ಗೇಟು ಎಂಬುದೇ ಇಲ್ಲ. ಇರುವುದು ಎರಡೇ ಬಗೆ: ತೆರೆದ ಗೇಟು, ಭಾವ ಇನ್ನೂ ತಲುಪದ ಗೇಟು!

ಭಾವ ಎಂದರೆ ನನ್ನ ಅಕ್ಕನ ಗಂಡ. ಉತ್ತರ ಇಂಗ್ಲೆಂಡಿನ ಬಟ್ಟೆ ಗಿರಣಿಯಲ್ಲಿ ದುಡಿದು, ಅಕ್ಕ ತೀರಿಕೊಂಡ ಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ ಮಗಳ ಮನೆಗೆ ಬಂದವರು. ಬೇರೆಯವರು ಇಂಗ್ಲೆಂಡಿನಿಂದ ಪಿಂಗಾಣಿ ಕಪ್ಪು, ಉಣ್ಣೆ ಕೋಟು ತರುತ್ತಾರೆ. ಭಾವ ತಂದದ್ದು ಒಂದು ಸಿಟ್ಟು. ಅದೂ ನೂರಾರು ವರ್ಷ ಹಳೆಯ ಸಿಟ್ಟು! ಬಡವರ ಹಸು ಮೇಯುತ್ತಿದ್ದ ಗೋಮಾಳಗಳಿಗೆ ಅಲ್ಲಿನ ಜಮೀನ್ದಾರರು ಕಾನೂನು ಮಾಡಿಸಿಕೊಂಡು ಬೇಲಿ ಹಾಕಿದ ಸಿಟ್ಟು.

"ಒತ್ತುವರಿ ಮಾಡಿದವನು ಲಾರ್ಡು, ಒಳಗೆ ಕಾಲಿಟ್ಟವನು ಕಳ್ಳ. ಹೆಂಗಿದೆ?" ಎಂದು ನನ್ನನ್ನು ಗದರುತ್ತಿದ್ದರು, ನಾನೇ ಲಾರ್ಡು ಎಂಬಂತೆ. ಶ್ರೀಮಂತರು ಹಕ್ಕಿ ಬೇಟೆಗೆಂದು ಕಾಯ್ದಿಟ್ಟ ಗುಡ್ಡವನ್ನು ಗಿರಣಿ ಕೆಲಸಗಾರರು ಗುಂಪುಕಟ್ಟಿ ಹತ್ತಿ ಜೈಲಿಗೆ ಹೋದ ಕಥೆಯನ್ನಂತೂ ತಾವೇ ಹತ್ತಿದ ಹಾಗೆ ಹೇಳುತ್ತಿದ್ದರು. ಆ ಕೆಲಸಗಾರರು ಹತ್ತಿದಾಗ ಭಾವ ಹುಟ್ಟಿರಲೇ ಇಲ್ಲ!

ಒಮ್ಮೆ ಪರ್ತ್ ಹತ್ತಿರದ ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಕ್ಕೆ ಹೋಗಿದ್ದೆವು. ನಾವು ಊಟಕ್ಕೆ ಕೂರುವಷ್ಟರಲ್ಲಿ ಭಾವ ಬೇಲಿ ದಾಟಿ ಬಳ್ಳಿಗಳ ನಡುವೆ ಮಾಯ. ತೋಟದವನು ಓಡಿ ಬಂದು, ಇದು ಖಾಸಗಿ ಜಾಗ ಎಂದ. ಯಾರು ಕೊಟ್ಟರು ಎಂದು ಭಾವ ಕೇಳಿದರು. ಅಪ್ಪ. ಅಪ್ಪನಿಗೆ? ಅಜ್ಜ. ಅಜ್ಜನಿಗೆ? ಅವನು ತಲೆ ಕೆರೆದುಕೊಂಡ. ಭಾವ ನನ್ನತ್ತ ತಿರುಗಿದರು.

"ಅಲ್ಲಿ ಬೇಲಿ ಹಾಕಿ ಓಡಿಸಿದ ಬಡವರನ್ನ ಹಡಗಿಗೆ ತುಂಬಿ ಇಲ್ಲಿಗೆ ಕಳಿಸಿದ್ರು ಕಣೋ. ಇಳಿದು ಅವರು ಮಾಡಿದ್ದೇನು? ಇಲ್ಲಿಯವರ ನೆಲಕ್ಕೆ ಬೇಲಿ ಹಾಕಿದ್ದು!"

ಅಷ್ಟರಲ್ಲಿ ನಮ್ಮ ಊಟ ತಣ್ಣಗಾಗಿತ್ತು.

ಭಾವನ ಮಗಳ ಮನೆಯ ಬೀದಿಗೂ ನಾನಿರುವ ಮಗನ ಮನೆಯ ಬೀದಿಗೂ ನಡುವೆ ಒಂದು ಓಣಿಯಿತ್ತು. ಕಾರು ಹೋಗದ, ಜನರಷ್ಟೇ ನಡೆಯುವ ಕಾಲುದಾರಿ. ಭಾವ ಪ್ರತಿದಿನ ಅದರಲ್ಲಿ ಬಂದು, ಓಣಿಯ ಕಡೆಗಿದ್ದ ನಮ್ಮ ಪಕ್ಕದ ಗೇಟು ತೆರೆದು, ಹಿತ್ತಿಲ ಬಾಗಿಲಿಂದ ಅಡುಗೆಮನೆ ಹೊಕ್ಕು, ಕಾಫಿ ಕುಡಿದು ಮುಂಬಾಗಿಲಿಂದ ಹೊರಡುತ್ತಿದ್ದರು.

"ಇಪ್ಪತ್ತು ವರ್ಷ ಯಾರೂ ತಡೆಯದೆ ನಡೆದ್ರೆ ಅದು ಎಲ್ಲರ ದಾರಿ ಆಗುತ್ತಮ್ಮ," ಎಂದು ನನ್ನ ಸೊಸೆಗೆ ಇಂಗ್ಲೆಂಡಿನ ಕಾನೂನು ಹೇಳಿದರು. "ಹಾಗಾಗಬಾರದು ಅಂತ ಅಲ್ಲಿ ಕೆಲವರು ವರ್ಷಕ್ಕೊಂದು ದಿನ ಗೇಟಿಗೆ ಬೀಗ ಹಾಕ್ತಾರೆ."

"ಹಾಗಾದ್ರೆ ಮಾವ, ಯುಗಾದಿ ದಿನ ನಾನು ಅಡುಗೆಮನೆಗೆ ಬೀಗ ಹಾಕ್ತೀನಿ!"

ಅಂದು ಭಾವ ನಕ್ಕ ರಭಸಕ್ಕೆ ಕಾಫಿ ಮೂಗಿಗೆ ಹತ್ತಿತು.

ಇನ್ನು ನನ್ನ ಕಥೆ. ಓಣಿಯಲ್ಲಿ ಯಾರೋ ಕುಡಿದು ಬಾಟಲಿ ಒಡೆಯುತ್ತಾರೆಂದು ಪಕ್ಕದ ಮನೆಯವರು ದೂರಿದರು. ಎರಡೂ ಬದಿಯ ಮನೆಯವರು ಒಪ್ಪಿದರೆ ಓಣಿ ಮುಚ್ಚಿ ನೆಲವನ್ನು ಅವರಿಗೇ ಹಂಚುವುದೆಂದು ಕೌನ್ಸಿಲ್‌ನಲ್ಲಿ ಮಾತಾಯಿತು. ಮಗನಿಗೆ ಆಸೆಯಿರಲಿಲ್ಲ. ಆಸೆ ನನ್ನದು. ಒಂದು ನುಗ್ಗೆ ಮರ ಹಾಕುವ ಆಸೆ.

"ಅಪ್ಪ, ಮಾವ ಬರೋ ದಾರಿ ಅದು," ಎಂದ ಮಗ.

"ಸುತ್ತಿ ಬರ್ತಾರೆ ಬಿಡು. ನಡೆಯೋದು ಅಂದ್ರೆ ಅವರಿಗೆ ಪ್ರಾಣ ತಾನೆ?" ಎಂದೆ. ನನ್ನ ಮಾತಿಗೆ ನಾನೇ ನಕ್ಕೆ.

ಮಗ ಒಪ್ಪಿಗೆ ಕೊಟ್ಟ. ಅದು ನನ್ನ ಒತ್ತಾಯವೆಂದು ಭಾವನಿಗೆ ಹೇಳಲಿಲ್ಲ. ಸುದ್ದಿ ತಿಳಿದ ಭಾವ ಓಣಿಯ ಬಾಯಲ್ಲಿ ಮಡಚುವ ಕುರ್ಚಿ ಹಾಕಿ, 'ಇದು ಎಲ್ಲರ ದಾರಿ' ಎಂಬ ಹಲಗೆ ಹಿಡಿದು ಕೂತರು. ನಾಯಿ ಹಿಡಿದು ಹೋಗುವವರು "ಗುಡ್ ಆನ್ ಯಾ, ಮೇಟ್!" ಎಂದು ಹೊಗಳಿ ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿ ಕೂತವನು ನಾನೊಬ್ಬನೇ! ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ, ಎಂದೂ ಇಲ್ಲದ್ದು, ಗೋಡಂಬಿ ಹಾಕಿದ ಉಪ್ಪಿಟ್ಟು. ನಾನೇ ಮುಚ್ಚಿಸುತ್ತಿದ್ದ ದಾರಿಯ ಹೋರಾಟಕ್ಕೆ ನಾನೇ ತಿಂಡಿ ಹೊತ್ತೆ. ಇಂಥ ಪ್ರತಿಭಟನೆಯನ್ನು ಎಲ್ಲಾದರೂ ಕಂಡಿದ್ದೀರಾ?

ತಗಡಿನ ಬೇಲಿ ಬಂತು. ಪಕ್ಕದ ಗೇಟು ಹೋಯಿತು. ಭಾವ ದೊಡ್ಡ ರಸ್ತೆ ಸುತ್ತಿ ಕೆಲವು ದಿನ ಬಂದರು. ನಡೆಯುವುದು ಅವರಿಗೆ ಪ್ರಾಣವೇ, ಆದರೆ ಮಂಡಿ ಎಂದೋ ಕೈಕೊಟ್ಟಿತ್ತು, ಯಾರಿಗೂ ಹೇಳಿರಲಿಲ್ಲ. ಆಮೇಲೆ ಭಾನುವಾರಗಳಲ್ಲಿ, ಮಗಳ ಕಾರಿನಲ್ಲಿ, ಮೊದಲೇ ಫೋನ್ ಮಾಡಿ ಬಂದು ಸೋಫಾದ ಅಂಚಿನಲ್ಲಿ ನೆಂಟರ ಹಾಗೆ ಕೂರುತ್ತಿದ್ದರು. ಕೊನೆಗೆ ಮಗಳ ಕೆಲಸ ಬ್ರಿಸ್ಬೇನಿಗೆ ಬದಲಾಯಿತು. ಭಾವನೂ ಹೋದರು. ಬೇಲಿಯ ಆಚೆಯೇ ಇದ್ದವರನ್ನು ನಾನು ಹೋಗಿ ನೋಡಿದ್ದೆನೇ? ಇಲ್ಲ. ಯಾವ ಮುಖ ಹೊತ್ತು ಹೋಗಲಿ?

ಓಣಿಯ ನೆಲದಲ್ಲಿ ನೆಟ್ಟಿದ್ದ ನುಗ್ಗೆ ಈ ವರ್ಷ ಮೊದಲ ಕಾಯಿ ಬಿಟ್ಟಿತು. ಅದರ ಸಾರು ಬಡಿಸಿದ ತಟ್ಟೆಯನ್ನು ಬದಿಗೆ ಸರಿಸಿದೆ. ಫೋನ್ ಮಾಡಿ ಹೇಳಿಬಿಟ್ಟೆ: "ಭಾವ, ಓಣಿ ಮುಚ್ಚಿಸಿದ್ದು ನಾನೇ."

"ಗೊತ್ತು ಕಣೋ. ಉಪ್ಪಿಟ್ಟಿಗೆ ಗೋಡಂಬಿ ಬಿದ್ದ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ಬೈಲಿಲ್ಲ?"

"ಬೈದಿದ್ರೆ ನೀನು ಎದ್ದು ಹೋಗ್ತಿದ್ದೆ. ಒಬ್ಬನೇ ಕೂತ್ರೆ ಹುಚ್ಚ ಅಂತಾರೆ. ಇಬ್ಬರು ಕೂತ್ರೇನೇ ಹೋರಾಟ."

ಪಕ್ಕದಲ್ಲಿದ್ದ ಸೊಸೆ ಫೋನ್ ತೆಗೆದುಕೊಂಡಳು.

"ಮಾವ, ಯುಗಾದಿ ದಿನಾನೂ ಅಡುಗೆಮನೆಗೆ ಬೀಗ ಹಾಕಿಲ್ಲ," ಎಂದಳು. "ನಿಮ್ಮ ದಾರಿ ಅದು. ಬನ್ನಿ."