ಯುದ್ಧವಿಮಾನದ ಅಜ್ಜಿಗೆ ಬೀಳ್ಕೊಡುಗೆ

ನೆನಪಿಗಿರಲಿ ಎಂದು ಊರಿಗೆಲ್ಲ ಒಂದೊಂದು ತುಂಡು ಹಂಚಿದ್ದೇ ಮೆಕ್ಯಾನಿಕ್ ಮುಟೀಸ್ಯಾನ ಕೊರಳಿಗೆ ಉರುಳಾಯಿತು.

ವಾಯುನೆಲೆಯ ಆ ಹಳೆಯ ಯುದ್ಧವಿಮಾನವನ್ನು ಎಲ್ಲರೂ ಶೋಶೋ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಅಜ್ಜಿಯ ಜೊತೆಗೇ ಮುಟೀಸ್ಯಾನಿಗೂ ಇವತ್ತು ನಿವೃತ್ತಿ. ಹೆಂಡತಿ ಮ್ವೆಂದೆ ಗಂಟುಮೂಟೆ, ಕೋಳಿಗಳ ಸಮೇತ ಆಗಲೇ ಬಸ್ ನಿಲ್ದಾಣ ಸೇರಿದ್ದಳು. ಹುಟ್ಟೂರು ಕಿಟುಯಿಯಲ್ಲಿ ಅವನ ಜೇನುಗೂಡುಗಳು ಕಾಯುತ್ತಿದ್ದವು.

ವಿಮಾನ ನಿವೃತ್ತಿಯಾದರೆ ಅದರ ರೆಕ್ಕೆಯ ನೆರಳಲ್ಲಿ ಚಹಾ ಕುಡಿದವರಿಗೆಲ್ಲ ಏನಾದರೊಂದು ಕಿತ್ತುಕೊಡುವುದು ಅಲ್ಲಿನ ಪದ್ಧತಿ. ಅಡುಗೆಯ ಮುರೀಥಿ ಗಡಿಯಾರ ಒಯ್ದ. ಗುಮಾಸ್ತ ಕಿಪ್ಲಗಟ್ ಪೈಲಟ್ ಸೀಟು ಹೊತ್ತ. ನೆರೆಮನೆಯ ವಂಬೂಯಿಯಂತೂ, ವಿಮಾನ ಇಳಿಯುವಾಗ ಬಾಲದಲ್ಲಿ ಬಿಚ್ಚಿಕೊಳ್ಳುವ ಪ್ಯಾರಾಚೂಟನ್ನೇ ಮಗಳ ಮದುವೆ ಚಪ್ಪರಕ್ಕೆ ಎಳೆದೊಯ್ದಳು.

ಮಧ್ಯಾಹ್ನ ಕಮಾಂಡರ್ ಏದುಸಿರು ಬಿಡುತ್ತ ಬಂದರು.

"ರಾಜಧಾನಿಯಿಂದ ಜನರಲ್ ಸಾಹೇಬ್ರು ಬರ್ತಿದಾರೆ ಕಣಯ್ಯ! ಸಂಜೆ ಅಜ್ಜಿ ಇನ್ನೊಂದ್ಸಲ ಹಾರ್ಬೇಕಂತೆ. ಅವಳು ಹಾರೋ ತನಕ ನೀನು ಗೇಟು ದಾಟೋ ಹಾಗಿಲ್ಲ!"

ಮುಟೀಸ್ಯಾ ಹಂಚಿದ್ದನ್ನೆಲ್ಲ ವಾಪಸು ತರಲು ಓಡಿದ.

ಗಡಿಯಾರಕ್ಕೆ ಉಗಾಲಿ ಮುದ್ದೆಯ ಹಿಟ್ಟು ಮೆತ್ತಿತ್ತು. ಸೀಟಿನಲ್ಲಿ ಗುಮಾಸ್ತನ ಅತ್ತೆ ಗೊರಕೆ ಹೊಡೆಯುತ್ತಿದ್ದರು.

"ಎಬ್ಬಿಸೋ ಮಾರಾಯ!"

"ನೀವೇ ಎಬ್ಬಿಸಿ ಯಜಮಾನ್ರೇ. ನಾನು ಇನ್ನೂ ಇದೇ ಮನೇಲಿ ಬಾಳ್ಬೇಕು," ಎಂದ ಕಿಪ್ಲಗಟ್.

ಕೊನೆಗೆ ಇಬ್ಬರೂ ಸೇರಿ ಸೀಟನ್ನು ಮಂಚದ ಪಕ್ಕಕ್ಕೊಯ್ದು, ಅತ್ತೆಯನ್ನು ಮೆಲ್ಲಗೆ ಹಾಸಿಗೆಗೆ ಉರುಳಿಸಿದರು.

ಚಪ್ಪರದಡಿ ಕುಣಿತ ರಂಗೇರಿತ್ತು. "ಮದುವೆ ಮುಗಿಯೋ ಮುಂಚೆ ಚಪ್ಪರ ಕೀಳ್ತೀರಾ? ನಿಮ್ಮ ಕೈ ಸೇದ್ಹೋಗ!" ಎಂದು ವಂಬೂಯಿ ಸೌಟೆತ್ತಿದಳು. ತನಗೆ ಬೀಳ್ಕೊಡುಗೆಯ ಉಡುಗೊರೆಯಾಗಿ ಬಂದಿದ್ದ ಮೇಕೆಯನ್ನು ಅವಳಿಗೊಪ್ಪಿಸಿ, ಬೀಗರೊಡನೆ ಒಂದು ಸುತ್ತು ಕುಣಿದ ಮೇಲೆಯೇ ಪ್ಯಾರಾಚೂಟ್ ಕೈಗೆ ಬಂದದ್ದು.

ಸಂಜೆ ಅಜ್ಜಿ ಗುಡುಗುತ್ತ ಮೇಲೇರಿದಳು. ಆಕಾಶದಲ್ಲಿ ಎರಡು ಪಲ್ಟಿ ಹೊಡೆದು, ಇಳಿದು, ಪ್ಯಾರಾಚೂಟ್ ಬಿಚ್ಚಿದಳು. ಮದುವೆಯ ಬಣ್ಣದ ಕಾಗದದ ಸರ ಅದಕ್ಕಿನ್ನೂ ಅಂಟಿತ್ತು. ಮುಟೀಸ್ಯಾನ ಕಣ್ಣು ತುಂಬಿ ಬಂತು. ಅವಳೆಂದರೆ ಅವನಿಗೆ ಪ್ರಾಣ.

ಜನರಲ್ ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು.

"ಇದನ್ನ ಮುದುಕಿ ಅಂದೋರು ಯಾರ್ರೀ? ಇನ್ನೆರಡು ವರ್ಷ ಹಾರಲಿ! ಇಷ್ಟು ಚೆನ್ನಾಗಿ ಸಜ್ಜು ಮಾಡಿದ್ಯಾರು?"

"ನಾನೇ ಸಾರ್!" ಮುಟೀಸ್ಯಾ ಎದೆಯುಬ್ಬಿಸಿ ಹೇಳಿಬಿಟ್ಟ.

"ಭೇಷ್! ಹಾಗಾದ್ರೆ ನೀನೂ ಇರು."

ಅಷ್ಟರಲ್ಲಿ ಮ್ವೆಂದೆಯ ಫೋನು ಬಂತು. "ಎಲ್ಲಿದೀರ್ರೀ? ಬಸ್ಸು ಹೊರಡ್ತಿದೆ! ಕೋಳಿ ಮಡಿಲಲ್ಲಿಟ್ಕೊಂಡು ನಿಮ್ಗೆ ಸೀಟು ಹಿಡಿದಿದೀನಿ!"

ಮುಟೀಸ್ಯಾ ಅಜ್ಜಿಯ ಬಿಸಿ ಮೈಗೆ ಒರಗಿ ನಿಟ್ಟುಸಿರಿಟ್ಟ.

"ಆ ಸೀಟಲ್ಲಿ ಕೋಳೀನೇ ಕೂರಿಸ್ಕೊ, ಮಾರಾಯ್ತಿ."