ಪೌಡರ್ ಪಕ್ಷ, ಲಿಕ್ವಿಡ್ ಪಕ್ಷ

ಡಬ್ಬದಲ್ಲಿ ಬಟ್ಟೆ ಒಗೆಯುವ ಪುಡಿ ಉಳಿದಿದ್ದದ್ದು ಹೆಚ್ಚೆಂದರೆ ಒಂದೂವರೆ ಚಮಚ. ಅದೂ ತಳಕ್ಕೆ ಅಂಟಿಕೊಂಡು ಕಲ್ಲಾಗಿತ್ತು. ಅಲ್ಪವಿರಾಮರು ಡಬ್ಬವನ್ನು ಬೋರಲು ಹಾಕಿ ತಟ್ಟಿದರು, ಚಮಚದ ಹಿಡಿಯಿಂದ ಕೆರೆದರು, ಕೊನೆಗೆ ಬಾಯಾರಿದ ಕಾಗೆಯ ಹಾಗೆ ಕತ್ತು ಓರೆ ಮಾಡಿ ಒಳಗೆ ಇಣುಕಿ ನೋಡಿದರು. ಇಷ್ಟರಲ್ಲಿ ನಾಲ್ಕು ಯೂನಿಫಾರ್ಮು ಒಗೆಯುವುದು ಸಾಧ್ಯವಿರಲಿಲ್ಲ.

ಅಲ್ಪವಿರಾಮ ಎಂಬುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಅಚ್ಚಿಗೆ ಹೋಗುವ ಪ್ರತಿ ಪುಟವನ್ನೂ ಓದಿ ಬಿಟ್ಟುಹೋದ ಕೊಂಬು, ತಪ್ಪಿದ ಒತ್ತಕ್ಷರ, ಜಾಸ್ತಿಯಾದ ದೀರ್ಘ ಇವನ್ನೆಲ್ಲ ಸರಿ ಮಾಡುವುದು ಅವರ ಕೆಲಸ. ಬಗ್ಗಿ ಬಗ್ಗಿ ಬೆನ್ನು ಅಲ್ಪವಿರಾಮದ ಹಾಗೆಯೇ ಬಾಗಿತ್ತು. ಯಾವುದಕ್ಕೆ ಕೈ ಹಾಕುವ ಮೊದಲೂ ಒಂದು ಗಳಿಗೆ ತಡೆದು ನಿಲ್ಲುವ ಸ್ವಭಾವ ಬೇರೆ. ಮುದ್ರಣಾಲಯದವರು ಇಟ್ಟ ಹೆಸರು ಕೊನೆಗೆ ಮನೆ ಮೆಟ್ಟಿಲನ್ನೂ ಹತ್ತಿಬಿಟ್ಟಿತ್ತು.

ಆ ದಿನ ಅವರು ರಜೆ ಹಾಕಿದ್ದು ಹೆಂಡತಿಗಾಗಿ. ಆಕೆ ಆಸ್ಪತ್ರೆಯಲ್ಲಿ ನರ್ಸು. ಹದಿನೇಳು ವರ್ಷ ದುಡಿದು, ಎರಡು ಸಲ ಕೈತಪ್ಪಿದ ಬಡ್ತಿ ಈಗ ಸಿಕ್ಕಿ, ಮಾರನೆಯ ಬೆಳಿಗ್ಗೆ ಮಕ್ಕಳ ವಾರ್ಡಿಗೆ ಹೆಡ್ ನರ್ಸ್ ಆಗಿ ಹೋಗುವವಳಿದ್ದಳು. ಹಗಲು ಪಾಳಿಗೆ ಆಕೆ ಹೊರಟ ಮೇಲೆ ಅಲ್ಪವಿರಾಮರ ಕಣ್ಣು ಮೂಲೆಯ ಬುಟ್ಟಿಯಲ್ಲಿ ಮುದುಡಿ ಬಿದ್ದಿದ್ದ ಬಿಳಿ ಯೂನಿಫಾರ್ಮುಗಳ ಮೇಲೆ ಬಿತ್ತು. ಒಂದರ ಕಾಲರಿನಲ್ಲಿ ಬೆವರಿನ ಗೆರೆ, ಇನ್ನೊಂದರ ತೋಳಿನಲ್ಲಿ ಯಾವುದೋ ಕೆಂಪು ಔಷಧಿಯ ಕಲೆ. ಇವನ್ನು ಒಗೆದು, ಇಸ್ತ್ರಿ ಮಾಡಿ, ಸಂಜೆ ಆಕೆ ಬರುವಷ್ಟರಲ್ಲಿ ಸಾಲಾಗಿ ನೇತುಹಾಕಬೇಕು ಎಂದುಕೊಂಡರು. ಹದಿನೇಳು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ ಎಂದು ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಮುಂದುಗಡೆ ಬಾಗಿಲಿರುವ ವಾಷಿಂಗ್ ಮೆಷಿನ್ನು ಬಂದು ಮೂರು ವಾರವಾಗಿತ್ತಷ್ಟೆ. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ ಯಾವುದೋ ಪುಡಿ ತರುತ್ತಿದ್ದರು. ಅಲ್ಪವಿರಾಮರು ಮೆಷಿನ್ನಿನ ಜೊತೆ ಬಂದ ಪುಸ್ತಕ ತೆಗೆದು ಓದಿದರು. ಹನ್ನೊಂದನೆಯ ಪುಟದಲ್ಲಿ 'ಪುಡಿ ಅಥವಾ ದ್ರವ ಮಾರ್ಜಕವನ್ನು ಬಳಸಿ' ಎಂದಿತ್ತು. ಹದಿನಾಲ್ಕನೆಯ ಪುಟದಲ್ಲಿ 'ಪುಡಿಯನ್ನು ಬಳಸಲೇಬಾರದು' ಎಂದಿತ್ತು. ಎರಡೂ ಪುಟಗಳ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಚೀಲ ಹಿಡಿದು ಮೆಟ್ಟಿಲಿಳಿದರು.

ಕೆಳಮನೆಯ ನಿವೃತ್ತ ಫೈರ್ ಆಫೀಸರು ಬಾಗಿಲಲ್ಲೇ ಕುಳಿತಿದ್ದರು. ವಿಷಯ ಕೇಳಿದ್ದೇ ಅವರ ಮೀಸೆ ಎದ್ದು ನಿಂತಿತು.

"ಪೌಡರ್ ತಗೊಳ್ಳಿ, ಬೇರೆ ಮಾತೇ ಬೇಡ. ಮೂವತ್ತು ವರ್ಷ ಹೊಗೆ, ಮಸಿ, ಕೆಸರು ಮೆತ್ತಿದ ಬಟ್ಟೆ ಒಗೆಸಿದೋನು ನಾನು. ಲಿಕ್ವಿಡ್ ಅಂದ್ರೆ ಅರ್ಧಕ್ಕರ್ಧ ನೀರು. ನಲ್ಲೀಲಿ ಬರೋ ನೀರನ್ನ ಬಾಟ್ಲೀಲಿ ಯಾಕ್ರೀ ತರ್ತೀರಾ?"

ಮೇಲಿನಿಂದ ಹೊಲಿಗೆ ಟೀಚರಮ್ಮ ಇಳಿದು ಬರುತ್ತಿದ್ದರು. ಅಲ್ಪವಿರಾಮರ ಎದುರುಮನೆಯವರು. ಅರ್ಧ ಮೆಟ್ಟಿಲಿನಲ್ಲೇ ನಿಂತರು.

"ಸಾರ್, ನಿಮ್ಮ ಪೌಡರು ತಣ್ಣೀರಲ್ಲಿ ಕರಗತ್ತಾ? ಹೊಲಿಗೆ ಸಂದೀಲಿ, ಜೇಬಿನ ಮೂಲೇಲಿ ಬೆಳ್ಳಗೆ ಕೂತ್ಕೊಳ್ಳತ್ತೆ. ದಿನಾ ನೋಡ್ತೀನಿ ನಾನು."

"ಬಿಳಿ ಬಟ್ಟೆ ಮೇಲೆ ಬಿಳಿ ಕೂತ್ರೆ ಯಾರಿಗಮ್ಮ ಕಾಣತ್ತೆ?"

"ತುರಿಕೆ ಶುರುವಾದಾಗ ಕಾಣತ್ತೆ."

"ಕೆಸರು, ಮಣ್ಣು ಹೋಗೋದು ಪೌಡರಿಗೇ."

"ಆಸ್ಪತ್ರೆ ವಾರ್ಡಲ್ಲಿ ಕೆಸರೆಲ್ಲಿ ಬಂತು ಸಾರ್? ಜಿಡ್ಡು, ಔಷಧಿ, ಎಣ್ಣೆ. ಅದಕ್ಕೆ ಲಿಕ್ವಿಡ್ಡೇ ಬೇಕು. ಅಣ್ಣಾ, ನನ್ನ ಹತ್ರ ಅರ್ಧ ಬಾಟ್ಲಿ ಇದೆ, ಕೊಡ್ತೀನಿ ಇರಿ."

"ನನ್ನ ಹತ್ರ ಮುಕ್ಕಾಲು ಪ್ಯಾಕೆಟ್ ಪೌಡರಿದೆ. ಅದ್ಯಾಕೆ ತಗೋಬಾರದು?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಒಬ್ಬರದ್ದು ಇಸಿದುಕೊಂಡರೆ ಇನ್ನೊಬ್ಬರಿಂದ ಜನ್ಮಪೂರ್ತಿ ಮುಖ ತಪ್ಪಿಸಿಕೊಂಡು ಮೆಟ್ಟಿಲು ಹತ್ತಬೇಕು. ಅಲ್ಪವಿರಾಮರು ಇಬ್ಬರಿಗೂ ಕೈಮುಗಿದು, "ನಾನೇ ತರ್ತೀನಿ, ನಿಮಗ್ಯಾಕೆ ತೊಂದರೆ" ಎಂದು ಬೀದಿಗೆ ಬಿದ್ದರು. ಹದಿನಾಲ್ಕನೆಯ ಪುಟದ 'ಬಾರದು' ಮನಸ್ಸಿನಲ್ಲಿ ಕುಟುಕುತ್ತಿತ್ತು. ಲಿಕ್ವಿಡ್ಡೇ ತರುವುದೆಂದು ನಿಶ್ಚಯಿಸಿದರು. ಅದನ್ನು ಆಫೀಸರಿಗೆ ಕಾಣದ ಹಾಗೆ ಮೇಲೆ ಸಾಗಿಸುವುದು ಹೇಗೆ ಎಂಬುದನ್ನು ಆಮೇಲೆ ನೋಡಿಕೊಳ್ಳಬಹುದು.

ಮೂಲೆ ಅಂಗಡಿಯವನು ತಲೆಯಾಡಿಸಿದ. "ಲಿಕ್ವಿಡ್ ಈ ವಾರ ಬಂದೇ ಇಲ್ಲ ಸಾರ್. ಪೌಡರಿದೆ. ಐದು ಕೆಜಿ ಚೀಲ, ಜೊತೆಗೊಂದು ಬಕೆಟ್ ಫ್ರೀ."

"ಲಿಕ್ವಿಡ್ ಇಲ್ಲಾಂದ್ರೆ ಅರ್ಧ ಕೆಜಿ ಪೌಡರಾದ್ರೂ ಇರ್ಲಿ, ಕೈಯಲ್ಲೇ ಒಗೀತೀನಿ."

"ಅರ್ಧ ಕೆಜಿಗೆ ಬಕೆಟ್ ಬರಲ್ಲ."

"ಬಕೆಟ್ ಬೇಡಪ್ಪ."

"ಬಕೆಟ್ ಬೇಡ ಅಂದ್ರೆ ಪೌಡರ್ ಬರಲ್ಲ ಸಾರ್. ಎರಡನ್ನೂ ಸೇರಿಸಿ ಕಟ್ಟಿಬಿಟ್ಟಿದಾರೆ."

ಮುಂದಿನ ಅಂಗಡಿಯಲ್ಲಿ ಬೆರಳುದ್ದದ ಸ್ಯಾಚೆಗಳ ತೋರಣವೇ ಇತ್ತು, ಬಾಟಲಿ ಇರಲಿಲ್ಲ. ಅದರಾಚೆಯ ಅಂಗಡಿಯಲ್ಲಿ ಬಾಟಲಿ ಇತ್ತು, ಆದರೆ ಅದು ಮೇಲ್ಗಡೆ ಬಾಗಿಲಿರುವ ಮೆಷಿನ್ನಿಗೆ. "ಮುಂದಿಂದ ಹಾಕಿದ್ರೇನು, ಮೇಲಿಂದ ಹಾಕಿದ್ರೇನು? ಬಟ್ಟೆಗೆ ಗೊತ್ತಾಗತ್ತಾ?" ಎಂದು ಅಂಗಡಿಯಾಕೆ ಕೇಳಿದಳು. ಬಟ್ಟೆಗೆ ಗೊತ್ತಾಗದಿರಬಹುದು, ಆದರೆ ಅಲ್ಪವಿರಾಮರು ಹಿಂಭಾಗದ ಸಣ್ಣಕ್ಷರವನ್ನು ಆಗಲೇ ಓದಿಬಿಟ್ಟಿದ್ದರು. ನೊರೆ ಹೆಚ್ಚು ಎಂದಿತ್ತು. ಬಾಟಲಿಯನ್ನು ಇದ್ದಲ್ಲೇ ಇಟ್ಟರು.

ಹೀಗೆ ಬಿಸಿಲೇರುವ ಹೊತ್ತಿಗೆ ಅವರು ದೊಡ್ಡ ಸೂಪರ್ ಮಾರ್ಕೆಟ್ ತಲುಪಿದರು. ಒಂದು ಗೋಡೆಯುದ್ದಕ್ಕೂ ಬಾಟಲಿಗಳು. ಹೂವಿನ ವಾಸನೆಯದ್ದು, ಉಣ್ಣೆಗೆ ಬೇರೆ, ಮಗುವಿನ ಬಟ್ಟೆಗೆ ಬೇರೆ, ಕಪ್ಪು ಬಟ್ಟೆಗೂ ಒಂದು. ಅವರಿಗೆ ಬೇಕಾದದ್ದರ ಜಾಗದಲ್ಲಿ ಮಾತ್ರ ಬೆಲೆಯ ಚೀಟಿಯಿತ್ತು, ಅದರ ಹಿಂದೆ ಏನೂ ಇರಲಿಲ್ಲ.

ಅಲ್ಲಿದ್ದ ಹುಡುಗಿ ಕೈಯಲ್ಲಿದ್ದ ಯಂತ್ರವನ್ನು ಒತ್ತಿ ನೋಡಿದಳು. "ಹದಿನೆಂಟು ಬಾಟ್ಲಿ ಇದೆ ಅಂಕಲ್."

"ಎಲ್ಲಿದೆಯಮ್ಮ?"

"ಕಂಪ್ಯೂಟರಲ್ಲಿ."

ಅವರು ತಲೆಯೆತ್ತಿದರು. ಎತ್ತಿದವರು ಹಾಗೇ ನಿಂತುಬಿಟ್ಟರು. ಕಪಾಟಿನ ಮೇಲೆ ಆಳುದ್ದದ ಹಲಗೆಯೊಂದು ತೂಗುತ್ತಿತ್ತು: 'ಹಠಮಾರಿ ಕೊಲೆಗಳಿಗೆ ಒಂದೇ ಪರಿಹಾರ. ಒಂದು ಕೊಂಡರೆ ಒಂದು ಉಚಿತ.'

ಕೊಳೆ ಹೋಗಿ ಕೊಲೆಯಾಗಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಸುಮ್ಮನಿರಲು ಬಿಡಲಿಲ್ಲ. ಅಲ್ಪವಿರಾಮರು ಪಕ್ಕದಲ್ಲಿದ್ದ ಸ್ಟೂಲು ಎಳೆದುಕೊಂಡು ಹತ್ತಿ, ಜೇಬಿನ ಕೆಂಪು ಪೆನ್ನಿನಿಂದ 'ಲೆ'ಯನ್ನು ಹೊಡೆದು ಮೇಲೆ 'ಳೆ' ಬರೆಯುತ್ತಿದ್ದಾಗ ಯಾರೋ ಪ್ಯಾಂಟು ಹಿಡಿದು ಎಳೆದರು. ಕಾವಲುಗಾರ. ಹಿಂದೆಯೇ ಮ್ಯಾನೇಜರು.

"ಅಂಗಡಿ ಬೋರ್ಡ್ ಯಾಕ್ರೀ ಹಾಳು ಮಾಡ್ತಿದೀರಾ?"

"ಹಾಳು ಮಾಡ್ತಿಲ್ಲ ಸಾರ್. ಒಂದು ಕೊಂದರೆ ಒಂದು ಉಚಿತ ಅಂತ ಜನ ಓದ್ಕೋತಾರೆ."

ಮ್ಯಾನೇಜರು ಹಲಗೆಯನ್ನು ಓದಿದರು. ಇನ್ನೊಮ್ಮೆ ಓದಿದರು. ಅವರ ಮುಖದ ಬಣ್ಣ ಇಳಿಯಿತು. ನಾಳೆ ಮೇಲಿನ ಕಚೇರಿಯವರು ತಪಾಸಣೆಗೆ ಬರುವವರಿದ್ದರಂತೆ. ಅಂಗಡಿಯಲ್ಲಿ ಇಂಥ ಹಲಗೆ ಇನ್ನೂ ಮೂವತ್ತೊಂದು ಇದ್ದವಂತೆ. "ಸಾರ್, ತಾವು ಸ್ವಲ್ಪ ಎಲ್ಲಾನೂ ನೋಡಿಬಿಟ್ರೆ ದೊಡ್ಡ ಉಪಕಾರ. ಗೋಡೌನಲ್ಲಿ ಎಲ್ಲಾದ್ರೂ ಒಂದು ಬಾಟ್ಲಿ ಹುಡುಕಿಸ್ತೀನಿ."

ರಜೆಯ ದಿನ ಅಲ್ಪವಿರಾಮರು ನಿಂತುಕೊಂಡೇ ಮೂವತ್ತೊಂದು ಹಲಗೆ ತಿದ್ದಿದರು. ಮುಚ್ಚಳ ನೆಗ್ಗಿದ ಒಂದು ಬಾಟಲಿ ಕೈಗೆ ಬರುವ ಹೊತ್ತಿಗೆ ಎರಡು ಗಂಟೆ. ಅದನ್ನು ದಿನಪತ್ರಿಕೆಯಲ್ಲಿ ಸುತ್ತಿ, ಕದ್ದ ಮಾಲಿನ ಹಾಗೆ ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿದರು.

ಆದರೆ ಫೈರ್ ಆಫೀಸರಿಗೆ ಹೊಗೆಯಿಲ್ಲದೆಯೂ ಬೆಂಕಿ ಪತ್ತೆ ಹಚ್ಚಿ ಗೊತ್ತು. ಐದೇ ನಿಮಿಷದಲ್ಲಿ ಬಾಲ್ಕನಿಯ ಮೆಷಿನ್ನಿನ ಮುಂದೆ ಅವರೂ ಇದ್ದರು, ಟೀಚರಮ್ಮನೂ ಇದ್ದರು. ಅಲ್ಪವಿರಾಮರು ಬಟ್ಟೆ ತುಂಬಿದರು. ಬಾಟಲಿಯ ಮುಚ್ಚಳದಲ್ಲಿ ಗೆರೆಗೆ ಸರಿಯಾಗಿ ಲಿಕ್ವಿಡ್ ಅಳೆದು ಖಾನೆಗೆ ಹಾಕಿದರು. ಅಷ್ಟರಲ್ಲಿ ಮುದ್ರಣಾಲಯದಿಂದ ಫೋನು. ಅಲ್ಲಿಯವರು ಒಂದು ಪದದ ಕಾಗುಣಿತ ಕೇಳಿದರು. ಹೇಳಿ ಬರಲು ಅಲ್ಪವಿರಾಮರು ಒಳಗೆ ಹೋದರು.

ಅವರು ಮಾತಾಡುತ್ತಿದ್ದಾಗ ಟೀಚರಮ್ಮ ತಮ್ಮ ಮನೆಯ ಒಲೆ ನೆನಪಾಗಿ ಎದುರುಮನೆಗೆ ಹೋಗಿ ಬಂದರು. ಆಫೀಸರು ಕನ್ನಡಕ ಮರೆತೆನೆಂದು ಕೆಳಗಿಳಿದು ಹತ್ತಿ ಬಂದರು. ಹೀಗೆ ಇಬ್ಬರೂ ಸರದಿಯ ಮೇಲೆ ಮೆಷಿನ್ನಿನ ಎದುರು ಒಂಟಿಯಾಗಿದ್ದರು. ಅಲ್ಪವಿರಾಮರು ಬಂದು ಗುಂಡಿ ಒತ್ತಿದಾಗ ಇಬ್ಬರ ಮುಖದಲ್ಲೂ ಒಂದೇ ಬಗೆಯ ನೆಮ್ಮದಿಯಿತ್ತು.

ಹತ್ತು ನಿಮಿಷ ಎಲ್ಲ ಸರಿಯಿತ್ತು. ಹನ್ನೊಂದನೆಯ ನಿಮಿಷಕ್ಕೆ ಖಾನೆಯ ಸಂದಿಯಿಂದ ಒಂದು ಬಿಳಿ ನಾಲಿಗೆ ಹೊರಗೆ ಬಂತು. ಆಮೇಲೆ ಇನ್ನೊಂದು. ನೋಡನೋಡುತ್ತಿದ್ದಂತೆ ನೊರೆ ಉಕ್ಕುವ ಹಾಲಿನ ಹಾಗೆ ಮೆಷಿನ್ನನ್ನು ಮುಚ್ಚಿ, ಬಾಲ್ಕನಿ ತುಂಬಿ, ಕಂಬಿಯ ಸಂದಿಯಿಂದ ಕೆಳಗಿನ ಆಫೀಸರ ಹೂಕುಂಡಗಳ ಮೇಲೆ ದೊಪ್ ದೊಪ್ಪನೆ ಬೀಳತೊಡಗಿತು. ಅಲ್ಪವಿರಾಮರು ಎರಡೂ ಕೈಯಲ್ಲಿ ಬಾಚಿ ಬಕೆಟ್ಟಿಗೆ ತುಂಬಿದರು. ಗಾಳಿಯನ್ನು ಗೋಣಿಚೀಲಕ್ಕೆ ತುಂಬಿದ ಹಾಗಾಯಿತು.

"ಯಾರೂ ಗಾಬರಿಯಾಗಬೇಡಿ," ಎಂದು ಆಫೀಸರು ಕೈಯೆತ್ತಿ ಮುಂದಾಳುತನ ವಹಿಸಿಕೊಂಡರು. "ಎಲ್ಲರೂ ಸಾಲಾಗಿ ಮೆಟ್ಟಿಲಿನ ಕಡೆ ನಡೀರಿ."

"ನೊರೆಗೆ ಯಾಕ್ರೀ ಮನೆ ಖಾಲಿ ಮಾಡ್ಬೇಕು?" ಎಂದರು ಟೀಚರಮ್ಮ. "ಅಷ್ಟಕ್ಕೂ ಇಷ್ಟೊಂದು ನೊರೆ ಪೌಡರಿಗೆ ಮಾತ್ರ ಬರೋದು. ನಿಜ ಹೇಳಿ ಸಾರ್."

ಆಫೀಸರು ಮೀಸೆ ಸವರಿಕೊಂಡರು. "ಎರಡೇ ಚಮಚ ಹಾಕ್ದೆ. ಬಿಳುಪಿಗೆ ಅಂತ. ನೀವು?"

"ನಾನು... ಒಂದು ಲೋಟ ಅಷ್ಟೇ. ಕಾಲರ್ ಕಲೆಗೆ ಅಂತ."

ಅಲ್ಪವಿರಾಮರು ಮೊಣಕಾಲುದ್ದ ನೊರೆಯಲ್ಲಿ ನಿಂತು ಇಬ್ಬರನ್ನೂ ನೋಡಿದರು, ಅಷ್ಟೆ. ಆ ನೋಟ ಬೈಗುಳಕ್ಕಿಂತ ಜೋರಾಗಿ ತಗುಲಿರಬೇಕು. ಇಬ್ಬರೂ ತೋಳು ಮಡಿಸಿ ಕೆಲಸಕ್ಕಿಳಿದರು.

ನೊರೆ ಹೋಗಲು ಮೆಷಿನ್ನು ಐದು ಸಲ ಜಾಲಾಡಿತು. ಐದನೆಯ ಸಲಕ್ಕೆ ಕಟ್ಟಡದ ತೊಟ್ಟಿಯ ನೀರು ಮುಗಿದು, ಅರ್ಧ ತಲೆಗೆ ಶಾಂಪೂ ಹಾಕಿಕೊಂಡಿದ್ದ ಮೂರನೇ ಮಹಡಿಯವರೊಬ್ಬರು ಟವೆಲು ಸುತ್ತಿಕೊಂಡು ಬಂದು ಕೇಳಬಾರದ್ದನ್ನೆಲ್ಲ ಕೇಳಿ ಹೋದರು. ಅಲ್ಪವಿರಾಮರು ಬೀದಿಯ ನಲ್ಲಿಯಿಂದ ಹದಿನಾರು ಬಕೆಟ್ ನೀರು ಹೊತ್ತರು. ಅಲ್ಪವಿರಾಮದ ಬೆನ್ನು ಪ್ರಶ್ನಾರ್ಥಕವಾಯಿತು. ಟೀಚರಮ್ಮ ಕೈಯಲ್ಲಿ ಜಾಲಿಸಿ ಹಿಂಡಿದರು. ಆಫೀಸರು ಎರಡು ಟೇಬಲ್ ಫ್ಯಾನು ತಂದು, ಬಟ್ಟೆಗೆ ಎಡದಿಂದ ಒಂದು, ಬಲದಿಂದ ಒಂದು ಗಾಳಿ ಬಿಟ್ಟು ಒಣಗಿಸಿದರು. ಇಸ್ತ್ರಿ ಮಾತ್ರ ಅಲ್ಪವಿರಾಮರದ್ದೇ. ಕಾಲರು, ತೋಳು, ಜೇಬಿನ ಅಂಚು. ಅಚ್ಚಿಗೆ ಹೋಗುವ ಪುಟದ ಹಾಗೆ ಒಂದು ಸುಕ್ಕೂ ಉಳಿಯದಂತೆ ತಿದ್ದಿದರು.

ಸಂಜೆ ಐದೂವರೆಗೆ ನಾಲ್ಕು ಯೂನಿಫಾರ್ಮು ಬಾಗಿಲ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಕಣ್ಣು ಕುಕ್ಕುವಷ್ಟು ಬಿಳುಪು.

"ನೋಡಿದ್ರಾ? ಪೌಡರಿನ ಗುಣ," ಎಂದರು ಆಫೀಸರು.

"ಕಾಲರ್ ನೋಡಿ ಮಾತಾಡಿ. ಅದು ಲಿಕ್ವಿಡ್ಡು," ಎಂದರು ಟೀಚರಮ್ಮ.

ಹೆಂಡತಿ ಬಂದಾಗ ಮೂವರೂ ಅಲ್ಲೇ ಇದ್ದರು. ಆಕೆ ಬಾಗಿಲಲ್ಲೇ ನಿಂತಳು. ಕೈಚೀಲ ಕೆಳಗಿಟ್ಟು ಒಂದು ಯೂನಿಫಾರ್ಮಿನ ತೋಳನ್ನು ಮುಟ್ಟಿದಳು, ಕೆಂಪು ಕಲೆಯಿದ್ದ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ಗಂಡನ ಒದ್ದೆ ಪ್ಯಾಂಟು, ಮಡಿಸಿದ ತೋಳು, ಚರ್ಮ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿದಳು.

"ನೀವೇ ಒಗೆದ್ರಾ ರೀ?"

"ಹ್ಞೂಂ. ನಾಳೆ ನಿನ್ನ ಮೊದಲನೇ ದಿನ ಅಲ್ವಾ."

ಆಕೆ ಕುರ್ಚಿಯಲ್ಲಿ ಕುಳಿತಳು. ಕಣ್ಣು ತುಂಬಿತ್ತು. ಆದರೆ ತುಟಿಯ ಮೂಲೆಯಲ್ಲಿ ಬೇರೇನೋ ಅದುಮಿಟ್ಟುಕೊಂಡ ಹಾಗಿತ್ತು.

"ಏನಾಯ್ತೇ?"

"ಏನಿಲ್ಲ... ಹೆಡ್ ನರ್ಸ್‌ಗೆ ಇನ್ಮೇಲೆ ಬಿಳಿ ಇಲ್ವಂತೆ ರೀ. ಇವತ್ತು ಮಧ್ಯಾಹ್ನ ಹೊಸ ಆರ್ಡರ್ ಬಂತು." ಚೀಲದಿಂದ ಕಡುನೀಲಿ ಬಟ್ಟೆಯ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ಕೊಟ್ಟಿದಾರೆ. ಬಿಳೀದೆಲ್ಲ ನಾಳೆ ಸ್ಟೋರ್‌ಗೆ ವಾಪಸ್ಸು."

"ಒಗೆದೇ ಕೊಡ್ಬೇಕಲ್ವಾ? ಸರಿ ಹೋಯ್ತಲ್ಲ," ಎಂದರು ಅಲ್ಪವಿರಾಮರು.

"ಹಾಗೇ ಕೊಟ್ರೂ ಆಗತ್ತೆ. ಅವರು ಹೇಗೂ ಕುದಿಯೋ ನೀರಲ್ಲಿ ಇನ್ನೊಂದ್ಸಲ ಒಗೀತಾರೆ."

ಅಲ್ಪವಿರಾಮರು ನೀಲಿ ಕಟ್ಟನ್ನು ಬಿಚ್ಚಿದರು. ಗಂಜಿ ಹಾಕಿದ ಹೊಸ ಬಟ್ಟೆ ರಟ್ಟಿನ ಹಾಗೆ ಸೆಟೆದಿತ್ತು. ಹೀಗೇ ತೊಟ್ಟರೆ ಮಕ್ಕಳ ವಾರ್ಡಿನಲ್ಲಿ ಒಂದು ಮಗುವನ್ನೂ ಎತ್ತಿಕೊಳ್ಳುವಂತಿರಲಿಲ್ಲ. ಕಾಲರಿನೊಳಗೆ ಚೀಟಿಯೊಂದನ್ನು ಹೊಲಿದಿದ್ದರು. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಧರಿಸುವ ಮುನ್ನ ಒಮ್ಮೆ ಒಗೆಯಿರಿ. ಬಣ್ಣ ಬಿಡುತ್ತದೆ. ಯಂತ್ರಕ್ಕೆ ಹಾಕಬಾರದು. ಪುಡಿ ಮಾರ್ಜಕ, ದ್ರವ ಮಾರ್ಜಕ ಎರಡನ್ನೂ ಬಳಸಬಾರದು. ಬಾರ್ ಸೋಪಿನಿಂದ ಕೈಯಲ್ಲೇ ಒಗೆಯಿರಿ."

ಇನ್ನೊಂದು ಸಲ ಅಕ್ಷರ ಅಕ್ಷರ ಬಿಡಿಸಿ ಓದಿದರು. ಎಲ್ಲಾದರೂ ಒಂದು ತಪ್ಪಿದ್ದರೆ ಚೀಟಿಯನ್ನು ನಂಬದೆ ಇರಬಹುದಿತ್ತು. ಒಂದೂ ಇರಲಿಲ್ಲ.

ಅವರು ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು. ಹಿಂದೆ ಫೈರ್ ಆಫೀಸರು ಗಂಟಲು ಸರಿಮಾಡಿಕೊಂಡರು. "ಬಾರ್ ಸೋಪಲ್ಲಿ ನೀಲಿ ತಗೊಳ್ಳಿ. ಬೇರೆ ಮಾತೇ ಬೇಡ."

"ನೀಲೀನಾ?" ಎಂದರು ಟೀಚರಮ್ಮ. "ಅಣ್ಣಾ, ಹಸಿರು."

ಅಲ್ಪವಿರಾಮರು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದರು.